ಇಳಿಯುವುದು ಮಂಗಳೂರು, ಏರುವುದು ಹುಬ್ಬಳ್ಳಿ

ಪರಸ್ಥಳದಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆ ವರ್ಷದ ದೊಡ್ಡ ಹಬ್ಬ ಯಾವುದೆಂದು ಯಾರಾದರೂ ಕೇಳಿದರೆ, ಯುಗಾದಿ ದೀಪಾವಳಿಗಳ ಹೆಸರು ಹೇಳುವುದಕ್ಕಿಂತ ‘ಊರಿಗೆ ಹೋಗುವ ಹಬ್ಬ’ ಎಂದು ಉತ್ತರ ಕೊಡುವುದೇ ಲೇಸು. ಮೂರು ತಿಂಗಳು ಮೊದಲೇ ರಜೆಯ ಅರ್ಜಿ, ಟಿಕೆಟ್ಟಿನ ಚಿಂತೆ, ಯಾರಿಗೆ ಸೀರೆ, ಯಾರಿಗೆ ಪಂಚೆ ಎಂಬ ಲೆಕ್ಕಾಚಾರ ಇವೆಲ್ಲ ಮೊದಲಾಗುತ್ತವೆ. ಆದರೆ ‘ಊರು’ ಎಂಬ ಈ ಪುಟ್ಟ ಮಾತಿನಲ್ಲಿ ಒಂದು ತೊಡಕು ಅಡಗಿದೆ. ಕನ್ನಡ ವ್ಯಾಕರಣದಲ್ಲಿ ದ್ವಿವಚನ ಇಲ್ಲವೆಂದು ಶಾಲೆಯಲ್ಲಿ ಕಲಿತಿದ್ದೇವೆ. ಮದುವೆಯಾದವರ ಬಾಯಲ್ಲಿ ಮಾತ್ರ ‘ಊರು’ ಎಂಬುದು ಎಂದಿಗೂ ದ್ವಿವಚನವೇ. ಗಂಡನ ಊರೊಂದು, ಹೆಂಡತಿಯ ಊರೊಂದು. ಎರಡೂ ಒಂದೇ ಜಿಲ್ಲೆಯಲ್ಲಿದ್ದರೆ ಪುಣ್ಯವಂತರು. ನಮ್ಮ ಹಾಗೆ ಒಂದು ಕಡಲ ತಡಿಯಲ್ಲಿ, ಇನ್ನೊಂದು ಘಟ್ಟದ ಮೇಲೆ ಇದ್ದವರ ಪಾಡು ಬೇರೆ.

ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ನಮ್ಮ ಕಾಗದಪತ್ರಗಳ ಲೋಕದಲ್ಲಿ ಈ ದ್ವಿವಚನಕ್ಕೆ ಸ್ಥಳವಿಲ್ಲ. ಕೇಂದ್ರ ಸರ್ಕಾರದ ರಜಾ ಪ್ರಯಾಣ ರಿಯಾಯಿತಿಯ ನಿಯಮಗಳನ್ನೇ ನೋಡಿ. ನೌಕರನಿಗೆ ಸ್ವಂತ ಊರು ಒಂದೇ. ಅದನ್ನು ಸೇವೆಗೆ ಸೇರಿದಾಗಲೇ ಬರೆದುಕೊಡಬೇಕು. ತಕ್ಕ ಕಾರಣವಿದ್ದರೆ ಸೇವಾವಧಿಯಲ್ಲಿ ಒಮ್ಮೆ ಮಾತ್ರ ಬದಲಿಸಬಹುದು. ಅಲ್ಲಿಗೆ ಹೋಗಿಬರುವ ಖರ್ಚನ್ನು ಹತ್ತಿರದ ನೇರ ದಾರಿಯ ಲೆಕ್ಕದಲ್ಲೇ ಕೊಡುವುದು. ಲೆಕ್ಕಪತ್ರಕ್ಕೆ ಇದು ಸರಿಯೇ. ಆದರೆ ನಮ್ಮ ಮನೆಗಳಲ್ಲಿಯೂ ಗೊತ್ತಿಲ್ಲದೆಯೇ ಇದೇ ನಿಯಮ ನಡೆಯುತ್ತ ಬಂದಿದೆಯಲ್ಲ, ಅದರ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆನಿಸಿತು.

ನಮ್ಮವರ ಊರು ಕುಂದಾಪುರದ ಹತ್ತಿರ. ನನ್ನ ತವರು ಧಾರವಾಡ. ನಾವಿರುವುದು ನೆರೂಳಿನಲ್ಲಿ. ಮದುವೆಯಾದಂದಿನಿಂದ ನಮ್ಮ ಪದ್ಧತಿ ಒಂದೇ: ಮಂಗಳೂರಿಗೆ ಹೋಗುವ-ಬರುವ ಎರಡೂ ಟಿಕೆಟ್ಟನ್ನು ಒಟ್ಟಿಗೆ ತೆಗೆಸುವುದು, ಕುಂದಾಪುರದಲ್ಲಿ ಬಿಡಾರ ಹೂಡುವುದು, ಅಲ್ಲಿಂದ ಘಟ್ಟ ಹತ್ತಿ ಧಾರವಾಡಕ್ಕೆ ಹೋಗುವುದು, ಮತ್ತೆ ಘಟ್ಟ ಇಳಿದು ಬಂದು ಮಂಗಳೂರಿನಲ್ಲಿ ವಿಮಾನ ಹತ್ತುವುದು. ಒಂಬತ್ತು ದಿನದ ರಜೆಯಲ್ಲಿ ಘಟ್ಟ ಹತ್ತಿ ಇಳಿಯುವುದಕ್ಕೇ ಎರಡು ಹಗಲು ಹೋಗುತ್ತಿದ್ದವು. ತವರಿಗೆ ಉಳಿಯುತ್ತಿದ್ದುದು ಎರಡು ರಾತ್ರಿ. ಮೊದಲ ರಾತ್ರಿ ದಣಿವಿನ ನಿದ್ದೆ, ಎರಡನೆಯ ರಾತ್ರಿ ಮರುದಿನದ ಬಸ್ಸಿನ ಗಡಿಬಿಡಿ. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಟಿಕೆಟ್ಟಿನ ಎರಡು ತುದಿಯೂ ಒಂದೇ ಊರಿಗೆ ಕಟ್ಟಿದ್ದರಿಂದ ಆ ಹಗ್ಗದ ಉದ್ದದೊಳಗೇ ನಾವು ಸುತ್ತುತ್ತಿದ್ದೆವು, ಅಷ್ಟೆ. ಇಂಥ ಮನೆಗಳು ನಮ್ಮ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಎಷ್ಟಿಲ್ಲ? ಹೆಚ್ಚಿನ ಕಡೆ ಹಗ್ಗದ ಗಂಟು ಗಂಡನ ಊರಿನಲ್ಲೇ ಬಿದ್ದಿರುವುದನ್ನು ಸೋದರಿಯರು ಬಲ್ಲರು.

ಈ ಗಂಟನ್ನು ಬಿಡಿಸುವ ಒಂದು ಬಗೆಯ ಟಿಕೆಟ್ಟು ಉಂಟು. ಒಂದು ಊರಿನಲ್ಲಿ ಇಳಿಯುವುದು, ಇನ್ನೊಂದು ಊರಿನಿಂದ ಮರಳಿ ಏರುವುದು. ವಿಮಾನದ ವ್ಯವಹಾರದವರು ಇದಕ್ಕೆ ‘ಓಪನ್ ಜಾ’ ಎನ್ನುತ್ತಾರೆ, ಎಂದರೆ ತೆರೆದ ದವಡೆ. ಹೆಸರಿನ ಮರ್ಮ ತಿಳಿಯಬೇಕಾದರೆ ಒಂದು ಕಾಗದ ತೆಗೆದುಕೊಳ್ಳಿ. ಮೇಲೆ ಮುಂಬಯಿ ಎಂದು ಒಂದು ಚುಕ್ಕೆ ಇಡಿ. ಕೆಳಗೆ ಕಡಲಂಚಿಗೆ ಮಂಗಳೂರು, ಅದರ ಮೇಲೆ ಒಳನಾಡಿನ ಕಡೆಗೆ ಹುಬ್ಬಳ್ಳಿ. ಮುಂಬಯಿಯಿಂದ ಮಂಗಳೂರಿಗೆ ಒಂದು ಗೆರೆ, ಹುಬ್ಬಳ್ಳಿಯಿಂದ ಮುಂಬಯಿಗೆ ಒಂದು ಗೆರೆ ಎಳೆಯಿರಿ. ಮಂಗಳೂರು ಹುಬ್ಬಳ್ಳಿಗಳ ನಡುವೆ ಗೆರೆಯಿಲ್ಲ. ಅಲ್ಲಿ ಬಾಯಿ ತೆರೆದೇ ಇರುತ್ತದೆ. ನಮ್ಮ ಮಗಳು ಈ ಚಿತ್ರ ನೋಡಿ ‘ಮೊಸಳೆ ಟಿಕೆಟ್’ ಎಂದು ಹೆಸರಿಟ್ಟಳು. ನಮ್ಮ ಮನೆಯಲ್ಲಿ ಈಗ ಅದೇ ಹೆಸರು ನಿಂತಿದೆ. ಬಾಯಿ ತೆರೆದ ಭಾಗದ ಪಯಣ ನಮ್ಮ ಪಾಲಿನದು. ಬಸ್ಸು, ರೈಲು, ಬಾಡಿಗೆಯ ಕಾರು, ಯಾವುದರಲ್ಲಿಯಾದರೂ ಹೋಗಬಹುದು.

ಹೆಸರು ಹೊಸದಾದರೂ ಸಂಗತಿ ಹಳೆಯದು. ಗುಡಿಗೆ ಹೋದವರು ಹೋದ ದಾರಿಯಲ್ಲೇ ಹಿಂದೆ ಸರಿಯುವುದಿಲ್ಲ, ಸುತ್ತು ಹಾಕಿ ಬರುತ್ತಾರೆ. ರಾಮೇಶ್ವರದ ಮರಳನ್ನು ಗಂಗೆಗೆ ಒಯ್ದು ಹಾಕಿ, ಗಂಗೆಯ ನೀರನ್ನು ರಾಮೇಶ್ವರಕ್ಕೆ ತರುತ್ತಿದ್ದ ಯಾತ್ರಿಕರ ದಾರಿಯೂ ನಿಯಮದ ‘ಹತ್ತಿರದ ದಾರಿ’ಯಾಗಿರಲಿಲ್ಲ. ಕರಾವಳಿಯಿಂದ ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಅನೇಕರು ಹಡಗಿನಲ್ಲಿ ಬಂದವರು. ಮಳೆಗಾಲದ ಕಡಲು ಹಡಗಿಗೆ ಆಗದು. ಆಗ ಘಟ್ಟದ ಮೇಲಿನ ದಾರಿಯೇ ಗತಿ. ಹೀಗಾಗಿ ಬಂದ ದಾರಿ ಒಂದು, ಹೋಗುವ ದಾರಿ ಇನ್ನೊಂದು ಎಂಬುದು ಅವರಿಗೆ ಸಹಜವಾಗಿತ್ತು. 1998ರ ಜನವರಿ 26ರಂದು ಕೊಂಕಣ ರೈಲುದಾರಿ ಪೂರ್ತಿಯಾಗಿ ತೆರೆದುಕೊಂಡು, ಅದೇ ವರ್ಷ ಮೇ ತಿಂಗಳಲ್ಲಿ ಮತ್ಸ್ಯಗಂಧ ಗಾಡಿ ಓಡತೊಡಗಿದ ಮೇಲೆ, ಹೋದ ದಾರಿಯಲ್ಲೇ ಬರುವ ಸುಖ ನಮಗೆ ಅಭ್ಯಾಸವಾಯಿತು.

ನೆರೂಳಿನವರಿಗಂತೂ ಈಗ ಹೊರಡುವ ಬಾಗಿಲೂ ಎರಡಾಗಿದೆ. 1970ರಲ್ಲಿ ಸಿಡ್ಕೊ ಸಂಸ್ಥೆ ಹುಟ್ಟಿ, ಖಾಡಿಯ ಈಚೆ ಹೊಸ ನಗರವನ್ನು ಕಟ್ಟತೊಡಗಿದಾಗ ಇಲ್ಲಿ ಗದ್ದೆ, ಉಪ್ಪಿನ ಆಗರ, ಮೀನುಗಾರರ ಹಳ್ಳಿಗಳು. ವಿಮಾನ ಹತ್ತಬೇಕಾದರೆ ವಾಶಿಯ ಸೇತುವೆ ದಾಟಿ, ಚೆಂಬೂರು ಕುರ್ಲಾಗಳ ಗದ್ದಲ ಹಾಯ್ದು ಸಾಂತಾಕ್ರೂಜ್ ಸೇರಬೇಕಿತ್ತು. 2025ರ ಅಕ್ಟೋಬರ್ 8ರಂದು ಉಲ್ವೆಯ ಬಳಿಯ ನವಿ ಮುಂಬಯಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಡಿಸೆಂಬರ್ 25ರಂದು ಪ್ರಯಾಣಿಕರ ಓಡಾಟ ಮೊದಲಾಯಿತು. ಅಂದು ಅಲ್ಲಿ ಇಳಿದ ಮೊದಲ ಪ್ರಯಾಣಿಕ ವಿಮಾನ ಬಂದುದು ನಮ್ಮ ಬೆಂಗಳೂರಿನಿಂದ ಎಂಬುದು ಕನ್ನಡಿಗರು ನೆನಪಿಟ್ಟುಕೊಳ್ಳತಕ್ಕ ಮಾತು. ಮೊದಲಿಗೆ ವಿಮಾನ ಸಂಪರ್ಕ ಪಡೆದ ಊರುಗಳಲ್ಲಿ ಮಂಗಳೂರೂ ಒಂದು. ಇನ್ನೊಂದು ಯೋಗಾಯೋಗವನ್ನು ನೋಡಿ: ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಅದನ್ನು ತೆರೆದದ್ದೂ ಡಿಸೆಂಬರ್ 25ರಂದೇ, 1951ರಲ್ಲಿ.

ಈ ಅನುಕೂಲ ಕಂಡು, 2026ರ ಸಂಕ್ರಾಂತಿಗೆ ಮೊಸಳೆ ಟಿಕೆಟ್ಟನ್ನೇ ತೆಗೆಸಿದೆವು. ಜನವರಿ 10, ಶನಿವಾರ, ನವಿ ಮುಂಬಯಿಯಿಂದ ಮಂಗಳೂರಿಗೆ. ಜನವರಿ 18, ಭಾನುವಾರ, ಹುಬ್ಬಳ್ಳಿಯಿಂದ ಸಾಂತಾಕ್ರೂಜಿಗೆ. ನಡುವೆ ನಾಲ್ಕು ರಾತ್ರಿ ಕುಂದಾಪುರ, ನಾಲ್ಕು ರಾತ್ರಿ ಧಾರವಾಡ. ಲೆಕ್ಕ ಬರೆಯುವ ಕೈಗೆ ಇಷ್ಟು ಸರಿಸಮನಾದ ಲೆಕ್ಕ ಕಂಡು ಆದ ಸಂತೋಷ ಅಷ್ಟಿಷ್ಟಲ್ಲ.

ಬಜ್ಪೆಯ ಗುಡ್ಡದ ಮೇಲೆ ವಿಮಾನ ಇಳಿಯುವಾಗ ಕಿಟಕಿಯಿಂದ ಕಾಣುವುದು ತೆಂಗಿನ ತಲೆಗಳು ಮತ್ತು ಕೆಂಪು ಹಂಚಿನ ಮಾಡುಗಳು. ಅಲ್ಲಿಂದ ಕುಂದಾಪುರ ನೂರು ಕಿಲೋಮೀಟರಿಗೆ ಹತ್ತಿರ. ಸಂಜೆಯೊಳಗೆ ಮನೆಯಂಗಳದಲ್ಲಿದ್ದೆವು. ಕುಚ್ಚಲಕ್ಕಿಯ ಗಂಜಿ, ಮಾವಿನ ಮಿಡಿಯ ಉಪ್ಪಿನಕಾಯಿ, ಮಗಳಿಗೆ ಅಜ್ಜಿಯ ಕೈಯ ಕೊಟ್ಟೆ ಕಡುಬು. ನಾಲ್ಕು ದಿನ ಹೇಗೆ ಕಳೆದುವೆಂದು ತಿಳಿಯಲಿಲ್ಲ.

ಎರಡನೆಯ ದಿನ ಅತ್ತೆಯವರಿಗೆ ನಮ್ಮ ಟಿಕೆಟ್ಟಿನ ವಿಷಯ ತಿಳಿಯಿತು. “ಬಪ್ಪುದ್ ಇಲ್ಲಿಗೆ, ಹೋಪುದ್ ಅಲ್ಲಿಂದ... ಇದ್ ಎಂತ ಟಿಕೇಟ್?” ಎಂದು ಮಗನನ್ನು ಕೇಳಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಪರದೇಶಕ್ಕೆ ಹೊರಡುವ ಮಗ ಸೊಸೆ ಮನೆಯ ದೇವರಿಗೆ ಕೈಮುಗಿದು, ಹಿರಿಯರ ಕಾಲಿಗೆ ಬಿದ್ದು, ಈ ಹೊಸ್ತಿಲಿನಿಂದಲೇ ಹೊರಡಬೇಕೆಂಬುದು ಆ ಮನೆಯ ನಡವಳಿಕೆ. ಅಂಗಳದ ತುದಿಯವರೆಗೆ ಬಂದು ಕೈಬೀಸಿ ಕಳುಹಿಸಿದರೆ ಮಾತ್ರ ಅವರಿಗೆ ಕಳುಹಿಸಿದ ಹಾಗೆ. ಅದನ್ನು ನಾವು ಕಸಿದುಕೊಳ್ಳುತ್ತಿದ್ದೆವೇ? ನಮ್ಮವರು ಉತ್ತರ ಕಾಣದೆ ಮುಗುಳ್ನಕ್ಕರು. ನಾನು ನಿಯಮ ಬಲ್ಲ ಗುಮಾಸ್ತೆಯಾದರೂ ಇಲ್ಲಿ ಯಾವ ನಿಯಮವನ್ನೂ ಉದ್ಧರಿಸುವ ಧೈರ್ಯ ಮಾಡಲಿಲ್ಲ.

14ರ ಬೆಳಗ್ಗೆ ಅಂಗಳದ ತುದಿಯವರೆಗೆ ಬಂದು ಅವರು ನಮ್ಮನ್ನು ಕಳುಹಿಸಿಯೇ ಕೊಟ್ಟರು. ಹುಬ್ಬಳ್ಳಿಗೆ ಮುನ್ನೂರು ಕಿಲೋಮೀಟರಿನೊಳಗಿನ ದಾರಿ. ಅಂಕೋಲೆಗೂ ಹುಬ್ಬಳ್ಳಿಗೂ ರೈಲು ಹಾಕುವ ಮಾತು ದಶಕಗಳಿಂದ ಇದ್ದರೂ ಹಳಿ ಬಿದ್ದಿಲ್ಲ, ರಸ್ತೆಯೇ ಗತಿ. ಆದರೆ ಎಂಥ ರಸ್ತೆ! ಮರವಂತೆಯಲ್ಲಿ ಎಡಗಡೆ ಕಡಲು, ಬಲಗಡೆ ಸೌಪರ್ಣಿಕಾ ಹೊಳೆ, ನಡುವೆ ಒಂದು ದಾರದಷ್ಟು ರಸ್ತೆ. ಬೈಂದೂರು ದಾಟಿ ಭಟ್ಕಳದ ಸೀಮೆಗೆ ಕಾಲಿಟ್ಟಾಗ ನಾನು ಮಗಳಿಗೆ ಹೇಳಿದೆ: “ನಿನ್ನ ಮುತ್ತಜ್ಜನ ಕಾಲದಲ್ಲಿ ಇಲ್ಲಿ ರಾಜ್ಯವೇ ಬದಲಾಗುತ್ತಿತ್ತು.” 1956ರ ನವೆಂಬರ್ 1ರವರೆಗೆ ಕುಂದಾಪುರ ಮದರಾಸು ರಾಜ್ಯದ್ದು, ಭಟ್ಕಳದಿಂದ ಆಚೆ ಧಾರವಾಡದವರೆಗೂ ಮುಂಬಯಿ ರಾಜ್ಯ. ಈಗ ಗಡಿಯ ಗುರುತಿಗೆ ಉಳಿದಿರುವುದು ಜಿಲ್ಲೆಯ ಫಲಕವೊಂದೇ.

ಹೊನ್ನಾವರದಲ್ಲಿ ಶರಾವತಿ, ಮಿರ್ಜಾನದ ಬಳಿ ಅಘನಾಶಿನಿ, ಅಂಕೋಲೆಗೆ ಮೊದಲು ಗಂಗಾವಳಿ: ಘಟ್ಟ ಇಳಿದು ಕಡಲು ಸೇರುವ ನದಿಗಳನ್ನು ಒಂದೊಂದಾಗಿ ದಾಟಿದೆವು. ಗಂಗಾವಳಿಯ ದಂಡೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಜರಿದು ಹೆದ್ದಾರಿಯ ಮೇಲಿದ್ದವರು ಮಣ್ಣು ಪಾಲಾದರು. ಆ ಜಾಗ ಬಂದಾಗ ಬಸ್ಸಿನೊಳಗಿನ ಮಾತು ತಾನಾಗಿ ನಿಂತಿತು. ಅಂಕೋಲೆಯಲ್ಲಿ ಬನ್ಸು ತಿಂದು, ಕಡಲಿಗೆ ಬೆನ್ನು ತಿರುಗಿಸಿ ಅರಬೈಲು ಘಟ್ಟ ಹತ್ತಿದೆವು. ಯಲ್ಲಾಪುರದವರೆಗೂ ಕಾಡು, ಅಡಿಕೆ ತೋಟ, ತಂಪು. ಕಲಘಟಗಿ ಸಮೀಪಿಸಿದಂತೆ ಮರಗಳು ವಿರಳವಾಗಿ ಬಾನು ಅಗಲವಾಗತೊಡಗಿತು. ಬೆಳಗ್ಗೆ “ಹ್ವಾಯ್, ಎಂತ” ಎನ್ನುತ್ತಿದ್ದ ಬಸ್ಸು ಮಧ್ಯಾಹ್ನಕ್ಕೆ “ಏನ್ರೀ, ಸರೀರಿ” ಎನ್ನತೊಡಗಿತ್ತು. ನೆರೂಳಿನ ಶಾಲೆಯಲ್ಲಿ ಮರಾಠಿ ಹಿಂದಿಗಳ ನಡುವೆ ಬೆಳೆಯುವ ನನ್ನ ಮಗಳಿಗೆ ಕನ್ನಡವೆಂದರೆ ಅಪ್ಪ ಅಮ್ಮ ಆಡುವ ಮಾತು, ಅಷ್ಟೆ. ಆ ಮಾತಿಗೆ ಇಷ್ಟೊಂದು ಬಣ್ಣಗಳಿವೆಯೆಂಬುದು ಅವಳಿಗೆ ಒಂದು ಹಗಲಿನ ಬಸ್ಸಿನಲ್ಲಿ ತಿಳಿಯಿತು. ವಿಮಾನದಲ್ಲಿ ಹೋಗಿ ವಿಮಾನದಲ್ಲೇ ಬಂದಿದ್ದರೆ ಇದು ಸಿಕ್ಕುತ್ತಿತ್ತೆ?

ಹುಬ್ಬಳ್ಳಿಯಲ್ಲಿ ಗಿರಮಿಟ್ಟು, ಮಿರ್ಚಿ ಭಜಿ. ಅಲ್ಲಿಂದ ಧಾರವಾಡಕ್ಕೆ ‘ಚಿಗರಿ’ ಬಸ್ಸು. ಚಿಗರಿಯೆಂದರೆ ನಮ್ಮ ಕಡೆ ಜಿಂಕೆ. ತನ್ನದೇ ಆದ ಪ್ರತ್ಯೇಕ ದಾರಿಯಲ್ಲಿ ಓಡುವ ಈ ಬಸ್ಸುಗಳು ಎರಡು ಊರುಗಳ ನಡುವಿನ ಇಪ್ಪತ್ತು ಕಿಲೋಮೀಟರನ್ನು ಬಹು ಸುಲಭ ಮಾಡಿವೆ. ದೀಪ ಹಚ್ಚುವ ಹೊತ್ತಿಗೆ ತವರಿನ ಕಟ್ಟೆ ಹತ್ತಿದೆವು.

ಇನ್ನು ಹೇಳುವ ಮಾತಿಗಾಗಿಯೇ ಇಷ್ಟೆಲ್ಲ ಬರೆದದ್ದು. ವೃದ್ಧರಾದ ತಂದೆ ತಾಯಿಗಳು ಮಕ್ಕಳು ಬಂದ ಮೊದಲ ದಿನ ತಮ್ಮ ಸುದ್ದಿ ಹೇಳುವುದಿಲ್ಲ. ಆ ದಿನ ಪ್ರಯಾಣದ ಯೋಗಕ್ಷೇಮ, ಮೊಮ್ಮಕ್ಕಳ ಶಾಲೆ, ಅಡಿಗೆ ಊಟ. ಎರಡನೆಯ ದಿನ ನೆಂಟರಿಷ್ಟರು ಬರುತ್ತಾರೆ, ಮನೆ ತುಂಬಿರುತ್ತದೆ. ಮೂರನೆಯ ದಿನ ಮಧ್ಯಾಹ್ನ, ಎಲ್ಲರೂ ಹೋಗಿ ಮನೆ ಬರಿದಾದಾಗ, ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಾಗ, ನಿಜವಾದ ಮಾತು ಹೊರಗೆ ಬರುತ್ತದೆ. ಎರಡು ರಾತ್ರಿಯ ಅತಿಥಿಗೆ ಆ ಮಾತು ಎಂದೂ ಕೇಳಿಸದು.

ನಮ್ಮ ಅಪ್ಪನಿಗೆ ಎಪ್ಪತ್ತೆಂಟು ವರ್ಷ. ಅವ್ವ ತೀರಿಹೋದ ಮೇಲೆ ಅಣ್ಣನ ಸಂಸಾರದೊಡನೆ ಇದ್ದಾರೆ. ಸಂಕ್ರಾಂತಿಯ ಮರುದಿನ, ಕುಸುರೆಳ್ಳಿನ ಡಬ್ಬಿ ಮುಂದಿಟ್ಟುಕೊಂಡು ಅವರು ಮೆಲ್ಲನೆ ಹೇಳಿದರು: ದೀಪಾವಳಿಯಿಂದೀಚೆಗೆ ಎರಡು ಸಲ, ಬೆಳಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ, ತಲೆ ತಿರುಗಿ ಬಿದ್ದದ್ದುಂಟು. ಒಮ್ಮೆ ಬಚ್ಚಲಲ್ಲಿ. ಅಣ್ಣನಿಗೆ ಹೇಳಿರಲಿಲ್ಲ, ಅವನಿಗೆ ಕೆಲಸದ ಒತ್ತಡ. ನನಗೆ ಫೋನಿನಲ್ಲಿ ಹೇಳಿರಲಿಲ್ಲ. ದೂರದಲ್ಲಿ ಕುಳಿತು ಹುಡುಗಿ ಯಾಕೆ ಕಳವಳಪಡಬೇಕು? ವಾರಕ್ಕೆ ಎರಡು ಸಲ ಫೋನಿನಲ್ಲಿ ಮುಖ ನೋಡಿ ಮಾತಾಡುತ್ತಿದ್ದೆವು. ಆ ಪುಟ್ಟ ಕನ್ನಡಿಯಲ್ಲಿ ಅವರು ಯಾವಾಗಲೂ ನಗುತ್ತಲೇ ಇದ್ದರು.

ಮರುದಿನ ಶನಿವಾರ. ಅಣ್ಣನೂ ನಾನೂ ಅವರನ್ನು ವೈದ್ಯರ ಹತ್ತಿರ ಕರೆದೊಯ್ದೆವು. ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ರಕ್ತದ ಒತ್ತಡ ಅಳೆದು, ಎದ್ದು ನಿಂತ ಕೂಡಲೆ ಅದು ತೀರ ಇಳಿಯುತ್ತಿದೆಯೆಂದು ಹೇಳಿ, ಮಾತ್ರೆಯ ಪ್ರಮಾಣ ಕಡಿಮೆ ಮಾಡಿದರು. ಎದ್ದೊಡನೆ ನಡೆಯಬಾರದು, ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕುಳಿತು ಏಳಬೇಕು, ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಬೇಕು ಎಂದರು. ಅಂದೇ ಸಂಜೆ ಹಿಡಿಕೆ ಬಂತು. ಖರ್ಚು ಕೆಲವೇ ನೂರು ರೂಪಾಯಿ. ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಅಂದರು: “ಈ ಸಲ ಗಡಿಯಾರದ ಕಡೆ ನೋಡಲಾರದ ಕುಂತೀಯಲ್ಲ, ಯವ್ವಾ.” ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಭಾನುವಾರ ಅತ್ತಿಗೆ ಅಕ್ಕಿ, ಕೊಬ್ಬರಿ, ಕುಬಸದ ಕಣ ಇಟ್ಟು ಉಡಿ ತುಂಬಿದಳು. ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣ ಧಾರವಾಡದಿಂದ ಒಂದು ಗಂಟೆಯ ದಾರಿ. ಹೊರಡುವ ತನಕ ಅಪ್ಪನ ಹತ್ತಿರವೇ ಕುಳಿತಿದ್ದೆ. ಹಿಂದೆಲ್ಲ ಅದೇ ಉಡಿಯಕ್ಕಿಯನ್ನು ಕಟ್ಟಿಕೊಂಡು ಘಟ್ಟ ಇಳಿದು, ಮತ್ತೊಂದು ಪಯಣಕ್ಕೆ ಅಣಿಯಾಗಬೇಕಿತ್ತು. ಈ ಸಲ ಅದು ಧಾರವಾಡದಿಂದ ಹೊರಟು ರಾತ್ರಿಯೊಳಗೆ ನೆರೂಳಿನ ಅಡಿಗೆಮನೆ ಸೇರಿತು.

ಇಂಥ ಟಿಕೆಟ್ಟು ತೆಗೆಸುವ ಮನಸ್ಸುಳ್ಳ ವಾಚಕರಿಗೆ ಅನುಭವದ ಕೆಲವು ಸೂಚನೆಗಳನ್ನು ಕೊಡುವುದು ಉಚಿತ.

ಮೊದಲನೆಯದು ದರದ ಮಾತು. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಹೋಗುವುದಕ್ಕೆ ಬೇರೆ, ಬರುವುದಕ್ಕೆ ಬೇರೆ ದರ ಕಟ್ಟಿ ಕೂಡಿಸುತ್ತಾರೆ. ಆದ್ದರಿಂದ ಎರಡು ಊರಿನ ಟಿಕೆಟ್ಟು ದುಬಾರಿಯೆಂಬ ಭಯ ಬೇಡ. ಆಯಾ ದಿನದ ದರ ನೋಡಿ ಹೋಲಿಸಿದರೆ ಸಾಕು. ಪರದೇಶದ ಪಯಣದ ರೀತಿ ಬೇರೆ. ಅಲ್ಲಿ ಬಿಡಿ ಟಿಕೆಟ್ಟುಗಳು ಎರಡು ಕೊಂಡರೆ ಅನೇಕ ವೇಳೆ ಬಲು ಹೆಚ್ಚಾಗುತ್ತದೆ. ಟಿಕೆಟ್ಟು ಕಾದಿರಿಸುವಲ್ಲಿ ‘ಮಲ್ಟಿ ಸಿಟಿ’ ಎಂಬ ವಿಭಾಗವಿರುತ್ತದೆ. ಅದರಲ್ಲಿ ಎರಡೂ ಪಯಣವನ್ನು ಒಂದೇ ಟಿಕೆಟ್ಟಾಗಿ ಕೇಳಿ ನೋಡಬೇಕು.

ಎರಡನೆಯದು, ಒಂದೇ ಟಿಕೆಟ್ಟೋ ಎರಡೋ ಎಂಬುದು. ಒಂದೇ ಟಿಕೆಟ್ಟಿನಲ್ಲಿ ಎರಡೂ ಪಯಣವಿದ್ದು, ಮೊದಲನೆಯದಕ್ಕೆ ನೀವು ಹೋಗದೆ ಉಳಿದರೆ, ಮುಂದಿನದನ್ನೂ ರದ್ದು ಮಾಡುವ ನಿಯಮ ಹಲವು ಕಂಪನಿಗಳಲ್ಲಿದೆ. ರೈಲಿನಲ್ಲಿ ಹೋಗಿ, ಬರುವಾಗ ಮಾತ್ರ ವಿಮಾನ ಹತ್ತುತ್ತೇವೆಂದರೆ ನಡೆಯದು. ಎರಡು ಬಿಡಿ ಟಿಕೆಟ್ಟುಗಳಿಗೆ ಈ ಬಂಧನವಿಲ್ಲ. ಆದರೆ ಒಂದು ವಿಮಾನ ತಪ್ಪಿದ್ದಕ್ಕೆ ಇನ್ನೊಂದರವರು ಹೊಣೆಯಾಗುವುದೂ ಇಲ್ಲ.

ಮೂರನೆಯದು ನಿಲ್ದಾಣದ ಹೆಸರು. ಮುಂಬಯಿಗೆ ಈಗ ಎರಡು ನಿಲ್ದಾಣ: ಸಾಂತಾಕ್ರೂಜಿನದು ‘ಬಿ.ಓ.ಎಂ.’, ಉಲ್ವೆಯದು ‘ಎನ್.ಎಂ.ಐ.’ ಗೋವೆಗೂ ಎರಡು: ಹಳೆಯ ದಾಬೋಳಿ, 2023ರ ಜನವರಿಯಿಂದ ನಡೆಯುತ್ತಿರುವ ಮೋಪಾ. ಟಿಕೆಟ್ಟಿನ ಮೇಲಿನ ಮೂರು ಅಕ್ಷರಗಳನ್ನು ಓದದೆ ಹಣ ಕಟ್ಟಬಾರದು. ಉಲ್ವೆಯಲ್ಲಿ ಕಾರು ನಿಲ್ಲಿಸಿ ಹೋದವರು ಸಾಂತಾಕ್ರೂಜಿನಲ್ಲಿ ಇಳಿದರೆ ಅದು ಮೊಸಳೆಯ ಎರಡನೆಯ ಬಾಯಿಯಾದೀತು.

ನಾಲ್ಕನೆಯದು ನಡುವಿನ ದಾರಿ. ಟಿಕೆಟ್ಟು ತೆಗೆಸುವ ಮೊದಲೇ ಅದನ್ನು ಗೊತ್ತು ಮಾಡಿಕೊಳ್ಳಬೇಕು. ವಿಮಾನದ ದಿನವೇ ಘಟ್ಟ ಹತ್ತುವ ಸಾಹಸ ಬೇಡ. ಕಡೆಯ ಪಕ್ಷ ಹಿಂದಿನ ರಾತ್ರಿ ಹೊರಡುವ ಊರಿನಲ್ಲಿರಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗೆ ಘಟ್ಟದ ದಾರಿಗಳು ಮುಚ್ಚುವುದುಂಟು, ಶಿರೂರಿನಂಥ ಅನಾಹುತಗಳೂ ಆಗಿವೆ. ಆ ದಿನಗಳಲ್ಲಿ ಎರಡು ದಿನ ಕೈಯಲ್ಲಿರಿಸಿಕೊಳ್ಳುವುದು ಜಾಣತನ.

ಐದನೆಯದು ಗಂಟುಮೂಟೆ. ಇಳಿದ ಊರಿನಲ್ಲಿ ಕೊಂಡದ್ದನ್ನೆಲ್ಲ ಹೊತ್ತು ಘಟ್ಟ ದಾಟಬೇಕೆಂಬುದನ್ನು ನೆನಪಿಡಿ. ಹಪ್ಪಳ ಸಂಡಿಗೆ ಹಗುರ. ಕುಚ್ಚಲಕ್ಕಿಯ ಚೀಲ ಹಗುರವಲ್ಲ. ಪೇಡೆ, ಗುರೆಳ್ಳು ಚಟ್ನಿ, ಜೋಳದ ಹಿಟ್ಟು ಇವು ಕೊನೆಯ ಊರಿನ ಸಾಮಾನು.

ವಿಮಾನದ ಹಣ ಹೊಂದದವರು ಚಿಂತಿಸಬೇಕಾಗಿಲ್ಲ. ರೈಲಿನಲ್ಲಿಯೂ ಈ ಸುತ್ತು ಸಾಧ್ಯ. ಹೋಗುವಾಗ ಠಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿ ಕುಂದಾಪುರ, ಉಡುಪಿ, ಮಂಗಳೂರು. ಬರುವಾಗ ಹುಬ್ಬಳ್ಳಿಯಿಂದ ಬೆಳಗಾವಿ, ಮೀರಜ, ಪುಣೆಯ ದಾರಿಯಾಗಿ ಕಲ್ಯಾಣ. ಡೊಂಬಿವಲಿ ಕಲ್ಯಾಣದವರಿಗೆ ಇದು ಮನೆಬಾಗಿಲು. ನೆರೂಳಿನವರು ಠಾಣೆಯಲ್ಲಿಳಿದು ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿಯಬಹುದು. ಹುಬ್ಬಳ್ಳಿಯಲ್ಲಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರಮ್ಮನ್ನು ಮಕ್ಕಳಿಗೆ ತೋರಿಸುವ ಲಾಭವೂ ಉಂಟು. ರೈಲ್ವೆಯವರಲ್ಲಿ ‘ಸರ್ಕ್ಯುಲರ್ ಜರ್ನಿ’ ಎಂಬ ಸುತ್ತು ಟಿಕೆಟ್ಟಿದೆ. ಹೊರಟ ನಿಲ್ದಾಣಕ್ಕೇ ಬೇರೆ ದಾರಿಯಿಂದ ಮರಳುವವರಿಗೆ, ನಡುವೆ ಎಂಟು ಕಡೆ ಇಳಿಯುವ ಅವಕಾಶ ಕೊಟ್ಟು, ದೂರದ ಪಯಣದ ಇಳಿದ ದರದಲ್ಲಿ ಅದನ್ನು ಕೊಡುತ್ತಾರೆ. ಮಂಗಳೂರಿನಿಂದ ಸಕಲೇಶಪುರ, ಹಾಸನ, ಅರಸೀಕೆರೆಯ ಮೇಲೆ ಹುಬ್ಬಳ್ಳಿಗೆ ಬಂದರೆ ಸುತ್ತು ಹಳಿಯ ಮೇಲೆಯೇ ಪೂರ್ತಿಯಾಗುತ್ತದೆ. ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರದವರೆಗಿನ ಘಟ್ಟದಲ್ಲಿ 57 ಸುರಂಗಗಳು.

ನಮ್ಮ ಜೋಡಿ ಊರುಗಳಲ್ಲದೆ ಬೇರೆ ಜೋಡಿಗಳೂ ಇವೆ. ಕಲಬುರಗಿಯ ಮನೆ, ಮೈಸೂರಿನ ತವರು ಇರುವವರು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿಗೆ ಹೋಗಿ, ಬೆಂಗಳೂರಿನಿಂದ ವಿಮಾನದಲ್ಲಿ ಬರಬಹುದು. ಕಾರವಾರ ಅಂಕೋಲೆಗಳಿಗೆ ಗೋವೆಯೂ ಬಾಗಿಲೇ. ಪರದೇಶದಲ್ಲಿರುವ ಮಕ್ಕಳು ರಜೆಗೆ ಬರುವಾಗ ಮುಂಬಯಿಯಲ್ಲಿಳಿದು ನಮ್ಮೊಡನೆ ಒಂದು ವಾರ ಕಳೆದು, ಅತ್ತೆ ಮಾವಂದಿರ ಊರಿನ ಕಡೆಗೆ ಹೋಗಿ, ಬೆಂಗಳೂರಿನಿಂದ ಮರಳಲಿ. ಆಗ ಅವರಿಗೆ ಮತ್ತೆ ಮುಂಬಯಿಗೆ ಓಡಿಬರುವ ದಣಿವಿಲ್ಲ.

ಕಚೇರಿಯ ರಿಯಾಯಿತಿ ಪಡೆಯುವ ಸಹೋದ್ಯೋಗಿಗಳಿಗೆ ಒಂದು ಮಾತು. ಸುತ್ತಿ ಬಂದರೆ ತಪ್ಪಿಲ್ಲ. ಬರೆದುಕೊಟ್ಟ ಊರಿಗೆ ಹೋಗಿಬಂದಿರಬೇಕು, ಹಣ ಮಾತ್ರ ಹತ್ತಿರದ ದಾರಿಯಷ್ಟೇ ಬರುತ್ತದೆ. ಉಳಿದದ್ದು ನಮ್ಮ ಕೈಯಿಂದ.

ಅತ್ತೆಯವರ ನೋವಿಗೆ ಏನಾಯಿತೆಂದು ವಾಚಕರು ಕೇಳಿಯಾರು. ನೆರೂಳಿಗೆ ಬಂದ ಮೂರನೆಯ ದಿನ ನಮ್ಮವರು ಫೋನಿನಲ್ಲಿ ನನ್ನ ತಂದೆಯ ತಲೆತಿರುಗಿನ ವಿಷಯ ತಿಳಿಸಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತಾನೇ ತೀರ್ಪು ಕೊಟ್ಟರು: ಮುಂದಿನ ವರ್ಷ ಹುಬ್ಬಳ್ಳಿಯಲ್ಲಿ ಇಳಿಯಿರಿ, ಇಲ್ಲಿಂದ ಹೊರಡಿರಿ, ಅದರ ಮುಂದಿನ ವರ್ಷ ಮತ್ತೆ ಹೀಗೆ. ನಮಗೆ ಹೊಳೆಯದಿದ್ದ ಉಪಾಯ. ಒಂದು ವರ್ಷ ಎದುರುಗೊಳ್ಳುವ ಸಂತೋಷ, ಇನ್ನೊಂದು ವರ್ಷ ಕಳುಹಿಸುವ ಹಕ್ಕು, ಎರಡು ಮನೆಗೂ ಸರದಿಯಲ್ಲಿ ಸಿಕ್ಕುತ್ತದೆ. ಅಷ್ಟಕ್ಕೇ ನಿಲ್ಲದೆ, “ನನ್ಗೂ ಮೊಣಕಾಲ್ ನೋವು ಸುಮಾರ್ ದಿನದಿಂದ ಇತ್ತ್” ಎಂದರಂತೆ. ನಾಲ್ಕು ದಿನ ಜೊತೆಯಲ್ಲಿದ್ದಾಗ ಹೇಳಿರದ ಮಾತು. ಮುಂದಿನ ವರ್ಷ ಆ ಮನೆಯಲ್ಲಿ ಐದನೆಯ ರಾತ್ರಿಯೊಂದನ್ನು ಹೇಗೆ ಹೊಂದಿಸುವುದೆಂದು ಈಗಲೇ ರಜೆಯ ಪಟ್ಟಿ ನೋಡುತ್ತಿದ್ದೇನೆ.

ನೀವೂ ಈ ಸಲದ ಟಿಕೆಟ್ಟು ತೆಗೆಸುವ ಮೊದಲು, ಎರಡೂ ಊರುಗಳನ್ನು ಕಾಗದದ ಮೇಲೆ ಬರೆದು, ಒಂದೊಂದರ ಎದುರಿಗೆ ಎಷ್ಟು ರಾತ್ರಿ ಬೀಳುತ್ತದೆಂದು ಎಣಿಸಿ ನೋಡಿ. ಎರಡಕ್ಕಿಂತ ಕಡಿಮೆ ಬಿದ್ದ ಊರಿನಲ್ಲಿ ಯಾರಿದ್ದಾರೆ, ಅವರಿಗೆ ವಯಸ್ಸೆಷ್ಟು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಆಮೇಲೆ ಟಿಕೆಟ್ಟಿನ ಮಾತು.